ಹರಾಜಿನ ಕೂಗು ಮತ್ತು ಇಚ್ಛಾಪರಿಮಾಣ

ನಮ್ಮ ಅನೇಕ ಮನೆಗಳಲ್ಲಿ ಹಿರಿಯರು ಬಿಟ್ಟುಹೋದ ಹಳೆಯ ನಾಣ್ಯಗಳ ಡಬ್ಬಿಯೊಂದು ಇರುವುದುಂಟು. ಮೈಸೂರಿನ ಕಂಠೀರಾಯ ಹಣ, ವಿಕ್ಟೋರಿಯಾ ರಾಣಿಯ ಮುಖವಿರುವ ಬೆಳ್ಳಿಯ ರೂಪಾಯಿ, ತೂತಿನ ಕಾಸು ಇವೆಲ್ಲ ದೀಪಾವಳಿಯಂದು ಹೊರಬಂದು ಮತ್ತೆ ಪೆಟ್ಟಿಗೆ ಸೇರುತ್ತವೆ. ಆ ಡಬ್ಬಿಯನ್ನು ಕುತೂಹಲದಿಂದ ನೋಡಿದ ಮಕ್ಕಳಲ್ಲಿ ಕೆಲವರು ಮುಂದೆ ನಾಣ್ಯಸಂಗ್ರಾಹಕರಾಗುತ್ತಾರೆ. ಇದು ನಿಂದ್ಯವಾದ ಹವ್ಯಾಸವಲ್ಲ. ಶಾಸನದಂತೆಯೇ ನಾಣ್ಯವೂ ಇತಿಹಾಸದ ಸಾಕ್ಷಿ. ಆದರೆ ಸಂಗ್ರಹವು ಅಪರೂಪದ ನಾಣ್ಯಗಳವರೆಗೆ ಬೆಳೆದಾಗ ಸಂಗ್ರಾಹಕನು ಹರಾಜಿನ ಸಭೆಗೆ ಹೋಗಬೇಕಾಗುತ್ತದೆ. ಅಲ್ಲಿ ಅವನು ಎದುರಿಸುವ ಮೊದಲ ಪ್ರಶ್ನೆ ಇದು: ಎಲ್ಲಿಯವರೆಗೆ ಕೂಗಬೇಕು, ಎಲ್ಲಿ ನಿಲ್ಲಬೇಕು? ಮೇಲ್ನೋಟಕ್ಕೆ ಇದು ವ್ಯಾಪಾರದ ಪ್ರಶ್ನೆ. ವಿಚಾರಿಸಿ ನೋಡಿದರೆ ಶ್ರಾವಕನ ವ್ರತಕ್ಕೆ ಸಂಬಂಧಿಸಿದ ಪ್ರಶ್ನೆಯೂ ಹೌದು. ಇತಿಹಾಸವು ಇದಕ್ಕೆ ಕೊಟ್ಟಿರುವ ಕೆಲವು ಉತ್ತರಗಳನ್ನು ಇಲ್ಲಿ ಪರಿಶೀಲಿಸೋಣ.

ರೋಮಿನ ಎರಡು ಹರಾಜುಗಳು

ಹರಾಜಿಗೆ ಲ್ಯಾಟಿನ್ ಭಾಷೆಯಲ್ಲಿದ್ದ ಹೆಸರು ‘ಆಕ್ಷಿಯೊ’. ಏರಿಸುವುದು, ಹೆಚ್ಚಿಸುವುದು ಎಂಬುದು ಅದರ ಮೂಲಾರ್ಥ. ಸಾರ್ವಜನಿಕ ಹರಾಜು ನಡೆಯುವ ಸ್ಥಳದಲ್ಲಿ ರೋಮನರು ಒಂದು ಈಟಿಯನ್ನು ನೆಡುತ್ತಿದ್ದರು. ಯುದ್ಧದಲ್ಲಿ ಗೆದ್ದ ವಸ್ತುಗಳನ್ನು ಮಾರುತ್ತಿದ್ದ ಪದ್ಧತಿಯ ಕುರುಹು ಅದು. ಆ ಈಟಿಯ ಹೆಸರು ಇಟಾಲಿಯನ್ ಮತ್ತು ಸ್ಪ್ಯಾನಿಷ್ ಭಾಷೆಗಳ ಹರಾಜು ಎಂಬ ಶಬ್ದದಲ್ಲಿ ಇಂದಿಗೂ ಉಳಿದಿದೆ. ಹರಾಜಿನ ಸ್ವಭಾವದಲ್ಲಿಯೇ ಗೆಲ್ಲುವ ಛಲ ಬೆರೆತಿದೆಯೆಂಬುದನ್ನು ಈ ಶಬ್ದಚರಿತ್ರೆಯೇ ತಿಳಿಸುತ್ತದೆ.

ಚಕ್ರವರ್ತಿ ಕ್ಯಾಲಿಗುಲನು ಹಣದ ಅಡಚಣೆಯಿಂದ ಖಡ್ಗಮಲ್ಲರನ್ನು ಹರಾಜು ಹಾಕಿಸಿದ ಪ್ರಸಂಗವನ್ನು ಇತಿಹಾಸಕಾರ ಸ್ವೆಟೋನಿಯಸನು ಬರೆದಿಟ್ಟಿದ್ದಾನೆ. ಸಭೆಯಲ್ಲಿ ಕುಳಿತಿದ್ದ ಅಪೋನಿಯಸ್ ಸ್ಯಾಟರ್ನಿನಸ್ ಎಂಬ ಗಣ್ಯನು ತೂಕಡಿಸುತ್ತಿದ್ದನು. ಅವನ ತಲೆ ಬಾಗಿದಾಗಲೆಲ್ಲ ಅದನ್ನು ಸಮ್ಮತಿಯೆಂದು ಗಣಿಸಬೇಕೆಂದು ಚಕ್ರವರ್ತಿಯು ಹರಾಜು ಕೂಗುವವನಿಗೆ ಸೂಚಿಸಿದನು. ನಿದ್ರೆ ತಿಳಿದಾಗ ಅವನ ತಲೆಗೆ 13 ಮಂದಿ ಖಡ್ಗಮಲ್ಲರೂ 90 ಲಕ್ಷ ಸೆಸ್ಟರ್ಸ್‌ಗಳ ಋಣವೂ ಕಟ್ಟಲ್ಪಟ್ಟಿದ್ದವು. ಕಥೆ ನಗೆ ತರಿಸುವಂಥದು. ಆದರೆ ಎಚ್ಚರವಾಗಿದ್ದೂ ತೂಕಡಿಸುವವರು ಎಲ್ಲ ಕಾಲದ ಹರಾಜುಗಳಲ್ಲಿಯೂ ಇರುತ್ತಾರೆ. ನಮ್ಮ ಶಾಸ್ತ್ರಕಾರರು ‘ಪ್ರಮಾದ’ವೆಂದು ಕರೆದದ್ದು ಈ ಬಗೆಯ ಅಜಾಗರೂಕತೆಯನ್ನೇ.

ಎರಡನೆಯ ಪ್ರಸಂಗವು ಕ್ರಿ.ಶ. 193ರದು. ಆ ವರ್ಷದ ಮಾರ್ಚ್ 28ರಂದು ರೋಮಿನ ಅಂಗರಕ್ಷಕ ಪಡೆಯ ಸೈನಿಕರು ಚಕ್ರವರ್ತಿ ಪರ್ಟಿನ್ಯಾಕ್ಸನನ್ನು ಕೊಂದು ಸಾಮ್ರಾಜ್ಯವನ್ನೇ ಹರಾಜಿಗೆ ಇಟ್ಟರು. ಹತನಾದವನ ಮಾವ ಸುಲ್ಪಿಸಿಯಾನಸನು ಪಾಳೆಯದ ಒಳಗಿದ್ದನು. ಡಿಡಿಯಸ್ ಜೂಲಿಯಾನಸ್ ಎಂಬ ಶ್ರೀಮಂತ ಸೆನೆಟರನು ಬಾಗಿಲ ಹೊರಗೆ ನಿಂತಿದ್ದನು. ಒಬ್ಬನ ಕೂಗನ್ನು ಇನ್ನೊಬ್ಬನಿಗೆ ಮುಟ್ಟಿಸುತ್ತ ಸೈನಿಕರು ಬೆಲೆ ಏರಿಸಿದರು. ಪ್ರತಿ ಸೈನಿಕನಿಗೆ 20,000 ಸೆಸ್ಟರ್ಸ್ ಎಂಬಲ್ಲಿಗೆ ಒಳಗಿನವನ ಮಾತು ಬಂದಿತು. ಆಗ ಜೂಲಿಯಾನಸನು ಸ್ವಲ್ಪ ಸ್ವಲ್ಪವಾಗಿ ಏರಿಸುವುದನ್ನು ಬಿಟ್ಟು ಒಮ್ಮೆಲೇ 5,000 ಹೆಚ್ಚಿಸಿ, ಗಟ್ಟಿಯಾಗಿ ಕೂಗಿ, ಬೆರಳುಗಳಿಂದಲೂ ಎಣಿಸಿ ತೋರಿಸಿದನೆಂದು ಆ ಕಾಲದಲ್ಲಿಯೇ ಸೆನೆಟರನಾಗಿದ್ದ ಇತಿಹಾಸಕಾರ ಡಿಯೋ ಬರೆದಿದ್ದಾನೆ. ಹರಾಜು ಮುಗಿಯಿತು; ರೋಮಿನ ಸಾಮ್ರಾಜ್ಯ ಅವನದಾಯಿತು. ಅವನು ಆಳಿದ್ದು 66 ದಿನ. ಸೆಪ್ಟಿಮಿಯಸ್ ಸೆವೆರಸನು ದಂಡೆತ್ತಿ ಬಂದಾಗ ಸೆನೆಟ್ ಜೂಲಿಯಾನಸನಿಗೆ ಮರಣದಂಡನೆ ವಿಧಿಸಿತು; ಅರಮನೆಯಲ್ಲಿಯೇ ಅವನ ವಧೆಯಾಯಿತು. ಅವನನ್ನು ಪಟ್ಟಕ್ಕೇರಿಸಿದ ಪಡೆಯನ್ನು ಸೆವೆರಸನು ಅವಮಾನಪಡಿಸಿ ವಿಸರ್ಜಿಸಿದನು.

ಈ ಅಲ್ಪಾವಧಿಯಲ್ಲಿಯೂ ಜೂಲಿಯಾನಸನು ತನ್ನ ಹೆಸರಿನ ನಾಣ್ಯಗಳನ್ನು ಟಂಕಿಸಿದನು. ಒಂದರ ಮೇಲೆ ‘ಸೈನಿಕರ ಸೌಹಾರ್ದ’ ಎಂಬರ್ಥದ ಮುದ್ರೆಯಿದೆ. ಇನ್ನೊಂದರಲ್ಲಿ ಅವನನ್ನು ಭೂಮಂಡಲದ ನಿಯಾಮಕನೆಂದು ಕರೆದಿದೆ. ಆಳಿದ ಕಾಲ ಕಡಿಮೆಯಾದುದರಿಂದ ಆ ನಾಣ್ಯಗಳು ವಿರಳ. ವಿರಳವಾದುದರಿಂದಲೇ ಅವು ಇಂದು ಹರಾಜುಗಳಲ್ಲಿ ಬೆಲೆಬಾಳುತ್ತವೆ. ಮಿತಿಯಿಲ್ಲದೆ ಕೂಗಿ ಪ್ರಾಣ ಕಳೆದುಕೊಂಡವನ ಮುಖವಿರುವ ನಾಣ್ಯಕ್ಕಾಗಿ ಹದಿನೆಂಟು ಶತಮಾನಗಳ ಮೇಲೆ ಜನರು ಮತ್ತೆ ಕೂಗುತ್ತಿದ್ದಾರೆ. ಸಂಗ್ರಾಹಕನಿಗೆ ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಬೇಕಿಲ್ಲ.

ಗೆದ್ದವನ ನಷ್ಟ

ಹರಾಜಿನ ವಿಧಾನಗಳು ಕಾಲಕಾಲಕ್ಕೆ ಬದಲಾಗಿವೆ. ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ಮೋಂಬತ್ತಿಯ ತುಣುಕನ್ನು ಹೊತ್ತಿಸಿ, ಅದು ನಂದುವ ಕ್ಷಣದಲ್ಲಿ ಕೊನೆಯದಾಗಿ ಕೂಗಿದವನಿಗೆ ವಸ್ತುವನ್ನು ಒಪ್ಪಿಸುವ ಪದ್ಧತಿಯಿತ್ತು. 1662ರಲ್ಲಿ ಹಡಗುಗಳ ಇಂತಹ ಮಾರಾಟವನ್ನು ಕಂಡ ಸ್ಯಾಮ್ಯುಯೆಲ್ ಪೆಪಿಸನು, ಜ್ವಾಲೆ ಆರುವ ಮುನ್ನ ಹೊಗೆಯು ಕೆಳಗಿಳಿಯುವುದನ್ನು ಗಮನಿಸಿ ಸರಿಯಾದ ಕ್ಷಣದಲ್ಲಿ ಕೂಗುತ್ತಿದ್ದ ಒಬ್ಬ ಜಾಣನ ವಿಷಯವನ್ನು ದಿನಚರಿಯಲ್ಲಿ ದಾಖಲಿಸಿದ್ದಾನೆ. ಮುಂದೆ ಮೋಂಬತ್ತಿಯ ಸ್ಥಾನಕ್ಕೆ ಸುತ್ತಿಗೆ ಬಂದಿತು. ಈಗ ಗಣಕಯಂತ್ರದ ಪರದೆಯೂ ಬಂದಿದೆ. ಸಾಧನ ಯಾವುದೇ ಇರಲಿ, ಕೊನೆಯ ಕ್ಷಣದಲ್ಲಿ ಮನಸ್ಸಿಗೆ ಆಗುವ ಉದ್ವೇಗ ಮಾತ್ರ ಒಂದೇ.

ಈ ಉದ್ವೇಗವನ್ನು ವಿದ್ವಾಂಸರು ಅಭ್ಯಸಿಸಿದ್ದಾರೆ. ಅಮೆರಿಕದ ಮೂವರು ತೈಲ ತಂತ್ರಜ್ಞರು ಮೆಕ್ಸಿಕೋ ಕೊಲ್ಲಿಯ ತೈಲನಿಕ್ಷೇಪಗಳ ಹರಾಜುಗಳನ್ನು ಪರಿಶೀಲಿಸಿ 1971ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ವಸ್ತುವಿನ ನಿಜವಾದ ಬೆಲೆ ಯಾರಿಗೂ ಖಚಿತವಾಗಿ ತಿಳಿಯದಿದ್ದಾಗ ಪ್ರತಿಯೊಬ್ಬನೂ ಅಂದಾಜು ಮಾಡುತ್ತಾನೆ. ಕೆಲವರ ಅಂದಾಜು ಕಡಿಮೆ, ಕೆಲವರದು ಹೆಚ್ಚು. ಹರಾಜಿನಲ್ಲಿ ಗೆಲ್ಲುವವನು ಸಾಮಾನ್ಯವಾಗಿ ಎಲ್ಲರಿಗಿಂತ ಹೆಚ್ಚು ಅಂದಾಜು ಮಾಡಿದವನು, ಎಂದರೆ ಎಲ್ಲರಿಗಿಂತ ಹೆಚ್ಚು ತಪ್ಪಿದವನು. ಇದನ್ನು ‘ಗೆದ್ದವನ ಶಾಪ’ವೆಂದು ಅರ್ಥಶಾಸ್ತ್ರಜ್ಞರು ಕರೆಯುತ್ತಾರೆ. ಸ್ಪರ್ಧಿಗಳು ಹೆಚ್ಚಿದಷ್ಟೂ ಈ ಅಪಾಯ ಹೆಚ್ಚು. ಸಭೆ ತುಂಬಿದೆ, ಎಲ್ಲರೂ ಕೂಗುತ್ತಿದ್ದಾರೆ, ಆದ್ದರಿಂದ ವಸ್ತು ಬೆಲೆಬಾಳುವಂಥದೇ ಇರಬೇಕು ಎಂದು ಮನಸ್ಸು ಹೇಳುತ್ತದೆ. ವಿವೇಕವು ಹೇಳಬೇಕಾದದ್ದು ಅದರ ವಿರುದ್ಧವಾದ ಮಾತನ್ನು.

ಅದೇ ವರ್ಷ ಮಾರ್ಟಿನ್ ಶೂಬಿಕ್ ಎಂಬ ಅರ್ಥಶಾಸ್ತ್ರಜ್ಞನು ಒಂದು ವಿಚಿತ್ರವಾದ ಆಟವನ್ನು ವಿವರಿಸಿದನು. ಒಂದು ಡಾಲರನ್ನು ಹರಾಜಿಗೆ ಇಡುವುದು. ಹೆಚ್ಚು ಕೂಗಿದವನಿಗೆ ಡಾಲರು ಸಿಗುತ್ತದೆ, ಆದರೆ ಎರಡನೆಯ ಸ್ಥಾನದಲ್ಲಿ ನಿಂತವನೂ ತಾನು ಕೂಗಿದ ಮೊತ್ತವನ್ನು ಕೊಡಬೇಕು. ಕೊಟ್ಟದ್ದು ವ್ಯರ್ಥವಾಗಬಾರದೆಂದು ಇಬ್ಬರೂ ಏರಿಸುತ್ತ ಹೋಗಿ ಒಂದು ಡಾಲರಿಗಾಗಿ ಒಂದು ಡಾಲರಿಗಿಂತ ಹೆಚ್ಚು ತೆರಲು ಸಿದ್ಧರಾಗುತ್ತಾರೆ. ಮೊದಲು ಲಾಭದ ಆಸೆ, ನಂತರ ನಷ್ಟದ ಭಯ, ಕೊನೆಗೆ ಎದುರಾಳಿಯನ್ನು ಸೋಲಿಸುವ ಹಟ. ಲೋಭವು ಮಾನಕಷಾಯವಾಗಿ ಮಾರ್ಪಡುವ ಕ್ರಮ ಇದೇ.

ಮಿತಿಯ ಲೆಕ್ಕ

ಅನುಭವಿಗಳಾದ ಸಂಗ್ರಾಹಕರು ಕಂಡುಕೊಂಡ ಮದ್ದು ಸರಳವಾಗಿದೆ: ಹರಾಜಿಗೆ ಹೋಗುವ ಮುನ್ನವೇ, ಮನೆಯಲ್ಲಿ, ಶಾಂತಚಿತ್ತದಿಂದ ಮಿತಿಯನ್ನು ಬರೆದಿಡುವುದು. ಈ ಲೆಕ್ಕದಲ್ಲಿ ಕೆಲವು ವಿಷಯಗಳು ಮುಖ್ಯ.

ಮೊದಲನೆಯದು, ಸುತ್ತಿಗೆ ಬಿದ್ದ ಬೆಲೆಯೇ ಕೊಡಬೇಕಾದ ಬೆಲೆಯಲ್ಲ. 1975ರಲ್ಲಿ ಲಂಡನ್ನಿನ ಎರಡು ಹೆಸರಾಂತ ಹರಾಜು ಸಂಸ್ಥೆಗಳು ಕೊಳ್ಳುವವನಿಂದಲೂ ಶುಲ್ಕ ಪಡೆಯುವ ಕ್ರಮವನ್ನು ಆರಂಭಿಸಿದವು. ಅದು ಕ್ರಮೇಣ ಎಲ್ಲೆಡೆ ಹರಡಿತು. ಶುಲ್ಕ, ತೆರಿಗೆ, ಸಾಗಣೆ ಎಲ್ಲ ಸೇರಿ ಶೇಕಡ 25 ಆಗುತ್ತದೆಂದು ಭಾವಿಸೋಣ. ಸಂಸಾರದ ಖರ್ಚು, ದಾನ, ಮಕ್ಕಳ ವಿದ್ಯೆ, ಆಪತ್ತಿನ ಉಳಿತಾಯ ಎಲ್ಲವನ್ನೂ ತೆಗೆದಿರಿಸಿದ ಮೇಲೆ ಒಬ್ಬನಲ್ಲಿ ಈ ಹವ್ಯಾಸಕ್ಕೆಂದು 50,000 ರೂಪಾಯಿ ಇದ್ದರೆ, ಅವನು ಕೂಗಬಹುದಾದ ಮಿತಿ 40,000. ಇದನ್ನು ಮರೆತು 50,000ದವರೆಗೆ ಕೂಗಿದರೆ ತೆರಬೇಕಾದದ್ದು 62,500. ಹೆಚ್ಚಿನ 12,500 ಎಲ್ಲಿಂದ ಬರಬೇಕು? ಅದು ಬರುವುದು ಮನೆಯ ಇನ್ನೊಬ್ಬರ ಪಾಲಿನಿಂದ. ಹೆಂಡತಿ ಮಕ್ಕಳಿಗೆ ತಿಳಿಸದೆ ಮಾಡಿದ ಖರೀದಿಯು ಎಷ್ಟೇ ಅಪರೂಪದ್ದಾದರೂ ಅದನ್ನು ನೋಡುವಾಗಲೆಲ್ಲ ಮನಸ್ಸಿಗೆ ಕಿರಿಕಿರಿಯಾಗದೆ ಇರದು.

ಎರಡನೆಯದು, ಇದೇ ಬಗೆಯ ನಾಣ್ಯ ಇದೇ ಸ್ಥಿತಿಯಲ್ಲಿ ಹಿಂದೆ ಎಷ್ಟಕ್ಕೆ ಮಾರಾಟವಾಗಿದೆಯೆಂದು ಹಳೆಯ ಹರಾಜಿನ ಪಟ್ಟಿಗಳಲ್ಲಿ ನೋಡಬೇಕು. ಒಂದೇ ಒಂದು ಮಾರಾಟವನ್ನು ನಂಬಬಾರದು. ಅದು ಇಬ್ಬರು ಹಟವಾದಿಗಳ ನಡುವೆ ನಡೆದದ್ದಿರಬಹುದು. ನಾಣ್ಯದ ತೂಕ, ಸವೆತ, ಉಜ್ಜಿ ಹೊಳಪು ಕೊಟ್ಟ ಗುರುತು, ಹಿಂದೆ ಒಡವೆಗೆ ಬೆಸೆದಿದ್ದ ಕಲೆ ಇವನ್ನೆಲ್ಲ ಗಮನಿಸಬೇಕು. ಹೊಳಪು ಬರಲೆಂದು ತಿಕ್ಕಿದ ನಾಣ್ಯದ ಬೆಲೆ ಸಂಗ್ರಾಹಕರಲ್ಲಿ ಕುಗ್ಗುತ್ತದೆಯೆಂಬುದು ನಮ್ಮ ಮನೆಗಳಲ್ಲಿ ಅನೇಕರಿಗೆ ತಿಳಿಯದು.

ಮೂರನೆಯದು, ಸಭೆಯಲ್ಲಿ ತನ್ನ ಮೇಲೆ ತನಗೆ ಭರವಸೆಯಿಲ್ಲದವನು ಮಿತಿಯನ್ನು ಬರೆದು ಮುಂಚಿತವಾಗಿ ಕಳುಹಿಸಬಹುದು. ಪ್ರಾಮಾಣಿಕವಾದ ಹರಾಜುದಾರನು ಆ ಮಿತಿಯನ್ನು ಒಮ್ಮೆಲೇ ಕೂಗುವುದಿಲ್ಲ. ಎದುರಾಳಿಯ ಕೊನೆಯ ಕೂಗಿಗಿಂತ ಒಂದು ಮೆಟ್ಟಿಲು ಮಾತ್ರ ಮೇಲೆ ಹೋಗುತ್ತಾನೆ. 40,000 ಬರೆದವನಿಗೆ 26,000ಕ್ಕೆ ನಾಣ್ಯ ಸಿಗುವುದೂ ಉಂಟು. ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞನು 1961ರಲ್ಲಿ ಇಂತಹ ಪದ್ಧತಿಯ ತತ್ತ್ವವನ್ನು ವಿಶ್ಲೇಷಿಸಿದನು. ಗೆದ್ದವನು ಎರಡನೆಯವನ ಬೆಲೆಯನ್ನು ಮಾತ್ರ ಕೊಡುವಂತಿದ್ದರೆ, ತನಗೆ ಆ ವಸ್ತುವಿನಿಂದ ನಿಜವಾಗಿ ಎಷ್ಟು ಪ್ರಯೋಜನವೋ ಅಷ್ಟನ್ನೇ ಬರೆಯುವುದು ಎಲ್ಲರಿಗೂ ಹಿತವೆಂದು ತೋರಿಸಿದನು. 1996ರಲ್ಲಿ ಅವನಿಗೆ ನೊಬೆಲ್ ಪುರಸ್ಕಾರ ಸಂದಿತು. ಸತ್ಯವನ್ನು ಬರೆದವನಿಗೆ ನಷ್ಟವಾಗದಂತಹ ವ್ಯವಸ್ಥೆಯೊಂದು ಸಾಧ್ಯವೆಂಬುದು ನೀತಿಯ ದೃಷ್ಟಿಯಿಂದಲೂ ಸಂತೋಷದ ವಿಷಯ.

ಎರಡನೆಯ ಮಿತಿ

ಹಣದ ಮಿತಿಯನ್ನು ಪಾಲಿಸಿದ ಮಾತ್ರಕ್ಕೆ ಶ್ರಾವಕನ ಹೊಣೆ ಮುಗಿಯುವುದಿಲ್ಲ. ಈ ವಸ್ತು ಎಲ್ಲಿಂದ ಬಂದಿತು ಎಂಬ ಪ್ರಶ್ನೆ ಉಳಿಯುತ್ತದೆ.

ಜೂಲಿಯಸ್ ಸೀಸರನ ವಧೆಯ ನೆನಪಿಗೆ ಬ್ರೂಟಸನು ಟಂಕಿಸಿದ, ಎರಡು ಕಠಾರಿಗಳ ಚಿತ್ರವಿರುವ ಅಪರೂಪದ ಚಿನ್ನದ ನಾಣ್ಯವೊಂದು 2020ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಸುತ್ತಿಗೆ ಬಿದ್ದದ್ದು 27 ಲಕ್ಷ ಪೌಂಡುಗಳಿಗೆ; ಶುಲ್ಕ ಸೇರಿ 32 ಲಕ್ಷ 40 ಸಾವಿರ. ಬಳಿಕ ಆ ನಾಣ್ಯದ ಪೂರ್ವಚರಿತ್ರೆಯ ಕಾಗದಪತ್ರಗಳು ಸುಳ್ಳೆಂದು ಅಮೆರಿಕದ ತನಿಖೆಯಲ್ಲಿ ಹೊರಬಿದ್ದು, 2023ರಲ್ಲಿ ಅದನ್ನು ಗ್ರೀಸ್ ದೇಶಕ್ಕೆ ಒಪ್ಪಿಸಲಾಯಿತು. ಅಷ್ಟು ಹಣ ತೆತ್ತರೂ ನಾಣ್ಯ ಕೊಂಡವರ ಬಳಿ ಉಳಿಯಲಿಲ್ಲ.

ಅಮೆರಿಕದ 1933ರ ಇಪ್ಪತ್ತು ಡಾಲರಿನ ಚಿನ್ನದ ನಾಣ್ಯದ ಕಥೆಯೂ ಇಂಥದೇ. ಆ ವರ್ಷದ ಮುದ್ರೆಯ 4,45,500 ನಾಣ್ಯಗಳನ್ನು ಟಂಕಿಸಿದರೂ ಅವನ್ನು ಚಲಾವಣೆಗೆ ಬಿಡಲಿಲ್ಲ, ಬಹುಪಾಲು ಕರಗಿಸಲಾಯಿತು. ಹೊರಬಿದ್ದ ಒಂದು ನಾಣ್ಯ ಈಜಿಪ್ಟಿನ ದೊರೆ ಫಾರೂಕನ ಕೈ ಸೇರಿತು. ಮಿತಿಯೆಂಬುದನ್ನು ತಿಳಿಯದೆ ಸಂಗ್ರಹಿಸಿದ ಆ ದೊರೆ 1952ರಲ್ಲಿ ಪದಚ್ಯುತನಾದನು. 1954ರಲ್ಲಿ ಅವನ ಸಂಗ್ರಹವನ್ನೆಲ್ಲ ಕೈರೋದಲ್ಲಿ ಹರಾಜು ಹಾಕಲಾಯಿತು. ಅಮೆರಿಕದ ಕೋರಿಕೆಯ ಮೇಲೆ ಈ ನಾಣ್ಯವನ್ನು ಮಾತ್ರ ಪಟ್ಟಿಯಿಂದ ತೆಗೆಯಲಾಯಿತು. ದೀರ್ಘ ವ್ಯಾಜ್ಯವೊಂದು ರಾಜಿಯಲ್ಲಿ ಮುಗಿದ ಮೇಲೆ ಒಂದು ನಾಣ್ಯವು 2002ರಲ್ಲಿ ಸುಮಾರು 76 ಲಕ್ಷ ಡಾಲರಿಗೂ 2021ರಲ್ಲಿ ಸುಮಾರು 1 ಕೋಟಿ 89 ಲಕ್ಷ ಡಾಲರಿಗೂ ನ್ಯಾಯಬದ್ಧವಾಗಿ ಮಾರಾಟವಾಯಿತು. ಅದೇ ಬಗೆಯ ಬೇರೆ 10 ನಾಣ್ಯಗಳನ್ನು ಇಟ್ಟುಕೊಂಡಿದ್ದ ಕುಟುಂಬಕ್ಕೆ ನ್ಯಾಯಾಲಯಗಳಲ್ಲಿ ಸೋಲಾಗಿ, ಅವು ಸರ್ಕಾರದ ಸ್ವತ್ತೆಂದು ತೀರ್ಮಾನವಾಯಿತು.

ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತಕ್ಕೆ ಹೇಳುವ ಐದು ಅತಿಚಾರಗಳನ್ನು ಇಲ್ಲಿ ನೆನೆಯಬೇಕು: ಕಳವಿಗೆ ಪ್ರೇರಣೆ ಕೊಡುವುದು, ಕದ್ದು ತಂದದ್ದನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಖೋಟಾ ವಸ್ತುವನ್ನು ಅಸಲಿಯೆಂದು ಮಾರುವುದು. ಹಳೆಯ ನಾಣ್ಯಗಳ ಮಾರುಕಟ್ಟೆಯಲ್ಲಿ ಇಂದು ಕಾಣುವ ದೋಷಗಳ ಪಟ್ಟಿಯನ್ನು ಯಾರಾದರೂ ಹೊಸದಾಗಿ ಬರೆದರೂ ಇವೇ ಐದು ಬರುತ್ತವೆ. ಬೆಂಗಳೂರಿನ ಯಶವಂತಪುರದ ಬಳಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ದೊರೆತಿತ್ತು. ನಮ್ಮ ಮಣ್ಣಿನಲ್ಲಿ ಇಂಥವು ಇನ್ನೂ ಇವೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂದು 1878ರ ಕಾಯ್ದೆಯೇ ವಿಧಿಸಿತು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಮೇಲ್ಪಟ್ಟ ನಾಣ್ಯಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಆದ್ದರಿಂದ ಮೂಲ ತಿಳಿಯದ ನಾಣ್ಯಕ್ಕೆ ಶ್ರಾವಕನ ಮಿತಿ ಸೊನ್ನೆ. ಅಗ್ಗವಾಗಿ ಸಿಗುತ್ತದೆಯೆಂಬುದು ಅದಕ್ಕೆ ಸಮಾಧಾನವಾಗಲಾರದು.

ವ್ರತದ ಮಾತು

ಪರಿಗ್ರಹಪರಿಮಾಣವ್ರತವನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರಿನಿಂದಲೂ ಕರೆದಿದ್ದಾರೆ. ಅಳತೆ ಹಾಕಬೇಕಾದದ್ದು ವಸ್ತುವಿಗೆ ಮಾತ್ರವಲ್ಲ, ಇಚ್ಛೆಗೆ ಎಂಬ ಸೂಕ್ಷ್ಮ ಈ ಹೆಸರಿನಲ್ಲಿದೆ. ಅವರು ಎಣಿಸುವ ಐದು ಅತಿಚಾರಗಳಲ್ಲಿ ಅತಿಸಂಗ್ರಹ, ಲೋಭಗಳೊಡನೆ ‘ವಿಸ್ಮಯ’ವೂ ಸೇರಿದೆ. ಪರರ ಲಾಭವನ್ನೋ ಸಂಪತ್ತನ್ನೋ ಕಂಡು ಬೆರಗಾಗಿ ಒಳಗೊಳಗೇ ಕುದಿಯುವುದೇ ಆ ವಿಸ್ಮಯ. ಎದುರಿನ ಕುರ್ಚಿಯವನು ಕೈ ಎತ್ತಿದಾಗ ನಮ್ಮ ಕೈಯೂ ತಾನಾಗಿ ಮೇಲೇಳುವುದಕ್ಕೆ ಇದಕ್ಕಿಂತ ನಿಖರವಾದ ಹೆಸರು ಯಾವ ಭಾಷೆಯಲ್ಲಿದೆಯೋ ಕಾಣೆ.

ಪರಿಮಾಣ ಮಾಡಬೇಕಾದ ವಸ್ತುಗಳಲ್ಲಿ ತತ್ತ್ವಾರ್ಥಸೂತ್ರವು ಹಿರಣ್ಯ, ಸುವರ್ಣಗಳನ್ನು ಬೇರೆಬೇರೆಯಾಗಿ ಹೆಸರಿಸುತ್ತದೆ. ಇವೆರಡಕ್ಕೂ ಏನು ಭೇದ? ಕನ್ನಡನಾಡಿನ ಆಚಾರ್ಯರಾದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ, ಬೆಳ್ಳಿ ಮೊದಲಾದವುಗಳಿಂದ ಆಗಿ ವ್ಯವಹಾರಕ್ಕೆ ಸಾಧನವಾದದ್ದು ಹಿರಣ್ಯ ಎಂದು ವಿವರಿಸಿದ್ದಾರೆ. ಎಂದರೆ ನಾಣ್ಯ. ಕೈಯಿಂದ ಕೈಗೆ ಹರಿಯಲೆಂದು ಹುಟ್ಟಿದ ವಸ್ತುವನ್ನು ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸುವವನು ಈ ವಿವೇಚನೆಯನ್ನು ಮರೆಯಬಾರದು. ಇಲ್ಲಿ ವಸ್ತು ಮುಖ್ಯವಲ್ಲ, ಅದರ ಮೇಲಿನ ಮೂರ್ಛೆಯೇ ಪರಿಗ್ರಹವೆಂಬುದು ಸೂತ್ರಕಾರರ ನಿರ್ಣಯ. ಹತ್ತು ನಾಣ್ಯಗಳಿದ್ದೂ ನಿರಾಳವಾಗಿರುವವನುಂಟು. ಒಂದೇ ನಾಣ್ಯಕ್ಕಾಗಿ ನಿದ್ದೆಗೆಡುವವನೂ ಉಂಟು.

ವ್ರತವು ಧನಿಕರಿಗೆ ಸಲ್ಲದೆಂಬ ಆಕ್ಷೇಪಕ್ಕೆ ಉಪಾಸಕದಶಾಂಗದ ಆನಂದ ಶ್ರಾವಕನೇ ಉತ್ತರ. ನಾಲ್ಕು ಕೋಟಿ ಹೊನ್ನು ಭಂಡಾರದಲ್ಲಿ, ನಾಲ್ಕು ಕೋಟಿ ವ್ಯವಹಾರದಲ್ಲಿ, ನಾಲ್ಕು ಕೋಟಿ ಮನೆವಾರ್ತೆಯಲ್ಲಿ ಇದ್ದ ಆ ಗೃಹಪತಿಯು ಇಲ್ಲಿಗೆ ಸಾಕೆಂದು ಗೆರೆ ಎಳೆದನು. ಅವನು ಅದನ್ನು ಎಳೆದದ್ದು ಮುಂದಿನ ಆಸೆ ಹುಟ್ಟುವ ಮೊದಲು. ಹರಾಜಿಗೆ ಹೊರಡುವ ಮುನ್ನ ಬರೆದಿಟ್ಟ ಚೀಟಿಯು ಈ ಗೆರೆಯ ಚಿಕ್ಕದೊಂದು ಪ್ರತಿರೂಪ.

ಬಸದಿಗಳ ಆಡಳಿತ ಮಂಡಳಿಗಳಿಗೂ ಈ ವಿಚಾರ ಅನ್ವಯಿಸುತ್ತದೆ. ಅಭಿಷೇಕದ ಕಲಶಗಳಿಗೆ ಸವಾಲು ನಡೆಸುವ ವಾಡಿಕೆ ನಮ್ಮಲ್ಲಿದೆ. ಅದರಿಂದ ಜೀರ್ಣೋದ್ಧಾರಗಳು ನಡೆದಿವೆ, ನಿಜ. ಆದರೆ ಸವಾಲು ಕೂಗುವವರು ಇಬ್ಬರು ಬಂಧುಗಳ ಮಾನವನ್ನು ಕೆಣಕಿ ಬೆಲೆ ಏರಿಸಿದರೆ, ಬಂದ ಹಣದಲ್ಲಿ ಭಕ್ತಿಯ ಪಾಲೆಷ್ಟು, ಹಟದ ಪಾಲೆಷ್ಟು ಎಂದು ವಿಂಗಡಿಸುವುದು ಕಷ್ಟ. ಕೂಗಿದ ಮೊತ್ತವನ್ನು ತೆರಲಾಗದೆ ಬಸದಿಗೆ ಬರುವುದನ್ನೇ ಬಿಟ್ಟವನಿದ್ದರೆ, ಆ ನಷ್ಟವನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯುವುದು? ಮನೆಯಲ್ಲಿ ನಿಶ್ಚಯಿಸಿಕೊಂಡು ಬನ್ನಿ ಎಂದು ಮುಂಚಿತವಾಗಿ ಹೇಳುವುದೂ, ಮುಚ್ಚಿದ ಚೀಟಿಯಲ್ಲಿ ಮೊತ್ತ ಬರೆದುಕೊಡಲು ಅವಕಾಶ ನೀಡುವುದೂ ಮಂಡಳಿಗಳಿಗೆ ಅಸಾಧ್ಯವಲ್ಲ. ಹಾಗೆಯೇ ಕಾಣಿಕೆಯಲ್ಲಿ ಬಂದ ಪುರಾತನ ನಾಣ್ಯಗಳನ್ನು ತೂಕದ ಬೆಲೆಗೆ ಮಾರುವ ಮುನ್ನ ಪಟ್ಟಿ ಮಾಡಿ ತಿಳಿದವರಿಗೆ ತೋರಿಸುವುದು ಉಚಿತ. ಅಭಿಷೇಕದ ಹಾಲಿಗೆ, ಪೂಜೆಯ ಹೂವಿಗೆ ಗದ್ಯಾಣಗಳನ್ನು ಇಡುಗಂಟಾಗಿ ಕೊಟ್ಟವರ ಹೆಸರುಗಳು ಶ್ರವಣಬೆಳಗೊಳದ ಶಾಸನಗಳಲ್ಲಿ ಇಂದಿಗೂ ಉಳಿದಿವೆ. ದಾನದ ನಾಣ್ಯಕ್ಕೆ ಅಷ್ಟಾದರೂ ಗೌರವ ಸಲ್ಲಬೇಕು.

ಒಂದು ಹೊನ್ನಿನ ನೆನಪು

ಕನ್ನಡಿಗ ಸಂಗ್ರಾಹಕರು ಬಹಳವಾಗಿ ಹಂಬಲಿಸುವ ನಾಣ್ಯಗಳಲ್ಲಿ ಹೊಯ್ಸಳ ವಿಷ್ಣುವರ್ಧನನ ‘ತಳಕಾಡುಗೊಂಡ’ ಎಂಬ ಕನ್ನಡ ಬಿರುದಿನ ಹೊನ್ನೂ ಒಂದು. ತಳಕಾಡಿನ ಆ ವಿಜಯವನ್ನು ದೊರಕಿಸಿಕೊಟ್ಟವನು ಜಿನಭಕ್ತನಾದ ದಂಡನಾಯಕ ಗಂಗರಾಜ. ಮುಂದೆ ಕಣ್ಣೆಗಾಲದಲ್ಲಿ ಚಾಳುಕ್ಯರ ಸೈನ್ಯವನ್ನು ಸೋಲಿಸಿ ಬಂದಾಗ ದೊರೆಯು ಮೆಚ್ಚಿ, ಬೇಡಿದ್ದನ್ನು ಕೊಡುವೆನೆಂದನು. ಮಿತಿಯಿಲ್ಲದೆ ಕೇಳಬಹುದಾದ ಕ್ಷಣವದು. ಗಂಗರಾಜನು ಪರಮ ಎಂಬ ಒಂದು ಗ್ರಾಮವನ್ನು ಕೇಳಿದನು. ಅದನ್ನೂ ತನಗೆ ಇಟ್ಟುಕೊಳ್ಳದೆ, ತಾಯಿ ಪೋಚಲದೇವಿಯೂ ಪತ್ನಿ ಲಕ್ಷ್ಮೀದೇವಿಯೂ ಕಟ್ಟಿಸಿದ ಬಸದಿಗಳಿಗೆ ದತ್ತಿಯಾಗಿ ಬಿಟ್ಟನು. ಶ್ರವಣಬೆಳಗೊಳದ ಶಾಸನವು ಇದಕ್ಕೆ ಸಾಕ್ಷಿ.

ರೋಮಿನ ಜೂಲಿಯಾನಸನೂ ಹೊಯ್ಸಳರ ಗಂಗರಾಜನೂ ಇಂದು ಸಂಗ್ರಾಹಕನ ಮೇಜಿನ ಮೇಲೆ ಒಂದಾಗಿ ಕೂಡಬಹುದು: ಒಬ್ಬನು ತನ್ನ ಮುಖದ ನಾಣ್ಯವಾಗಿ, ಇನ್ನೊಬ್ಬನು ತನ್ನ ಹೆಸರೇ ಇಲ್ಲದ ನಾಣ್ಯದ ಹಿಂದಿನ ಸಾಹಸವಾಗಿ. ಒಬ್ಬನಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ, ಇನ್ನೊಬ್ಬನಿಗೆ ತಿಳಿದಿತ್ತು.

ನಮ್ಮ ನುಡಿಯಲ್ಲಿ ‘ನಾಣ್ಯ’ವೆಂದರೆ ಟಂಕಿಸಿದ ಲೋಹವಷ್ಟೇ ಅಲ್ಲ, ನಂಬಿಕೆಗೆ ಅರ್ಹವಾದ ನಡತೆಯೂ ಹೌದು, ನಾಣ್ಯಸ್ಥನೆಂದರೆ ಪ್ರಾಮಾಣಿಕನೆಂದೇ ಅರ್ಥ. ಹರಾಜಿನಲ್ಲಿ ನಾಣ್ಯವೊಂದು ಕೈತಪ್ಪಿದರೆ ಅಂಥದು ಇನ್ನೊಮ್ಮೆ ಬಂದೀತು, ಬಾರದೆಯೂ ಹೋದೀತು. ಚೀಟಿಯಲ್ಲಿ ಬರೆದ ಮಿತಿಗೆ ನಿಂತು ಬರಿಗೈಯಲ್ಲಿ ಮನೆಗೆ ಮರಳಿದವನು ತನ್ನ ನಾಣ್ಯವನ್ನು ಉಳಿಸಿಕೊಂಡೇ ಮರಳಿದ್ದಾನೆಂದು ಶ್ರಾವಕ ಬಂಧುಗಳು ತಿಳಿಯಬೇಕು.